ಶಿಗ್ಲಿಯ ಬಾವಿಯಿಂದ ಬಂದ ಮೀನುಗಳು

ನಾನು ಮದುವೆಯಾಗಿ ಬೆಟಗೇರಿಗೆ ಬಂದು ಎರಡು ವರ್ಷವಾಗಿತ್ತು. ನಮ್ಮ ಸೀಮೆ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ಸೀರೆ ಮಾರಲು ಮುಂಬೈಗೆ ಹೋಗಿದ್ದ ನನ್ನ ಗಂಡ ವಾಪಸು ಬಂದವರೇ, ಕೈಯಲ್ಲಿದ್ದ ಗಂಟು ಇಳಿಸುವ ಮೊದಲೇ ಶುರುಮಾಡಿದರು.

"ಮುಂಬೈದಾಗ ಮೀನ ನೋಡಾಕಂತನ ಒಂದು ಮನಿ ಕಟ್ಟ್ಯಾರ! ಗಾಜಿನ ಗ್ವಾಡಿ, ಅದರ ಹಿಂದ ನೀರು, ನೀರಾಗ ಮೀನ! ಸಣ್ಣ ಮೀನಿಂದು ಒಂದು ದಂಡ ಇತ್ತು ನೋಡು. ಒಂದು ಹೊಳ್ಳಿದರ ಎಲ್ಲಾವೂ ಹೊಳ್ಳತಾವ, ಸಿಪಾಯಿಗಳಂಗ!"

"ಅಂಥಾವು ನಮ್ಮ ತವರಮನಿ ಶಿಗ್ಲಿ ಹೊಲದ ಬಾವ್ಯಾಗ ಅದಾವಲ್ಲರಿ" ಎಂದೆ.

"ಖರೇನ?" ಎಂದು ಅಲ್ಲೇ ಕುಣಿಯುವುದೊಂದು ಬಾಕಿ.

ಮನೆಯಲ್ಲೇ ಒಂದು ಗಾಜಿನ ತೊಟ್ಟಿ ಮಾಡಿ ಮೀನು ಸಾಕುವುದೆಂದು ಆಗಲೇ ನಿಶ್ಚಯಿಸಿಬಿಟ್ಟೆವು. ಆದರೆ ಮೀನು ಎಂಬ ಮಾತನ್ನೂ ಆಡದ ಮನೆ ನಮ್ಮದು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಹುಚ್ಚ ಹಿಡದೈತೇನ ಇಬ್ಬರಿಗೂ? ಮಂದಿ ಏನಂದಾರು?"

"ತಿನ್ನಾಕಲ್ಲಬೇ, ನೋಡಾಕ!" ಎಂದರು ಇವರು. ತೊಟ್ಟಿ ಪಡಸಾಲೆ ದಾಟಿ ಒಳಗೆ ಬರಕೂಡದು ಎಂಬ ಕರಾರಿನ ಮೇಲೆ ಅತ್ತೆ ಕೊನೆಗೂ ಒಪ್ಪಿದರು.

ಓಣಿಯ ಕಮ್ಮಾರರು ಕಬ್ಬಿಣದ ಚೌಕಟ್ಟು ಮಾಡಿಕೊಟ್ಟರು. ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಗಾಜು ತಂದು, ಸುಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಕಲಸಿ ಮೆತ್ತಿ, ನಾವಿಬ್ಬರೇ ಕೂರಿಸಿದೆವು. ನೀರು ತುಂಬಿದ್ದೇ ತಡ, ಒಂದು ಮೂಲೆ ಬಾಯಿಬಿಟ್ಟು ಪಡಸಾಲೆಯೆಲ್ಲ ಕೆರೆ! ನೇಯ್ದಿಟ್ಟ ಸೀರೆಗಳನ್ನು ಎದೆಗವಚಿಕೊಂಡು ಓಡಿದ ಅತ್ತೆ ಆಗ ಆಡಿದ ಮಾತುಗಳನ್ನು ಬರೆಯಲಾರೆ. ಮತ್ತೆ ಕಲಸಿದೆವು, ಮತ್ತೆ ಮೆತ್ತಿ ಚೆನ್ನಾಗಿ ಒಣಗಲು ಬಿಟ್ಟೆವು. ಈ ಸಲ ಒಂದು ಹನಿಯೂ ಜಿನುಗಲಿಲ್ಲ.

ತವರಿಗೆ ಹೋದವಳು ಶಿಗ್ಲಿಯಿಂದ ತಂಬಿಗೆಯಲ್ಲಿ ಮೂರು ಮೀನು ತಂದೆ. ಕಿರುಬೆರಳಿಗಿಂತ ಚಿಕ್ಕವು, ಮೈಮೇಲೆ ನೀಲಿ ಗೆರೆ. ತೊಟ್ಟಿಗೆ ಬಿಟ್ಟರೆ ಮೂರೂ ಕಲ್ಲಿನ ಹಿಂದೆ ಸೇರಿಕೊಂಡವು. ಹಿಟ್ಟು ಉದುರಿಸಿದರೂ ಹೊರಗೆ ಬರಲಿಲ್ಲ. "ಇವೇನ ನಿಮ್ಮ ಸಿಪಾಯಿಗೋಳು?" ಎಂದು ಮಾವನವರು ನಕ್ಕರು. ನನಗೆ ಅಳುವೇ ಬಂತು. ಆಮೇಲೆ ಹೊಳೆಯಿತು: ಬಾವಿಯಲ್ಲಿ ಇವನ್ನು ಎಂದಾದರೂ ಒಂಟಿಯಾಗಿ ನೋಡಿದ್ದೆನೇ? ಯಾವಾಗಲೂ ಗುಂಪೇ. ಇವಕ್ಕೆ ಬೇಕಾದದ್ದು ಹಿಟ್ಟಲ್ಲ, ಬಳಗ!

ಮುಂದಿನ ವಾರವೇ ಇಬ್ಬರೂ ಶಿಗ್ಲಿಗೆ ಹೋದೆವು. ಬಾವಿಯ ಮೆಟ್ಟಿಲ ಮೇಲೆ ನಿಂತು ಹಳೆಯ ಸೀರೆಯ ಎರಡೂ ತುದಿ ಹಿಡಿದು ನೀರಿಗಿಳಿಸಿ ಎತ್ತಿದರೆ ಬೆಳ್ಳಿ ಚಿಮ್ಮಿದ ಹಾಗೆ! ತಾಮ್ರದ ಕೊಡದ ತುಂಬ ಮೀನು ಹಾಕಿಕೊಂಡು ಬಸ್ಸು ಹತ್ತಿದೆವು.

"ಏನೈತಿ ತಂಗಿ ಕೊಡದಾಗ? ತುಪ್ಪೇನು?" ಎಂದರು ಕಂಡಕ್ಟರು.

"ಮೀನರಿ! ಜೀವಂತ ಮೀನ!"

ಬಸ್ಸಿನಲ್ಲಿದ್ದವರೆಲ್ಲ ಎದ್ದು ಬಂದು ಕೊಡದೊಳಗೆ ಇಣುಕಿದರು. ದಾರಿಯ ತಗ್ಗು ಬಂದಾಗಲೆಲ್ಲ ಯಾರಾದರೊಬ್ಬರು ಕೂಗುವವರೇ: "ಸಾವಕಾಶ ಹೊಡಿಯೋ ಮಾರಾಯಾ, ಮೀನ ಅದಾವ!"

ಮನೆಗೆ ಬಂದು ಕೊಡ ಬಗ್ಗಿಸಿದೆವು. ಮೊದಲು ಎಲ್ಲವೂ ಚೆಲ್ಲಾಪಿಲ್ಲಿ. ನಾನು ಉಸಿರು ಬಿಗಿಹಿಡಿದು ನಿಂತೆ. ಕಲ್ಲಿನ ಹಿಂದಿದ್ದ ಮೂರೂ ಸರ್ರನೆ ಹೊರಗೆ ಬಂದು ಹೊಸಬರ ಜೊತೆ ಕೂಡಿಕೊಂಡವು. ಅಷ್ಟೇ! ಇಡೀ ದಂಡು ಒಂದೇ ಮೈಯಾಗಿ ಆಚೆ ಹೋಯಿತು, ಗಾಜಿನ ಹತ್ತಿರ ಫಕ್ಕನೆ ಹೊರಳಿ ಈಚೆ ಬಂತು. ಬಿಸಿಲಿಗೆ ಎಲ್ಲ ಗೆರೆಗಳೂ ಒಟ್ಟಿಗೇ ಮಿಂಚಿದವು. ನಾವಿಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು.

ಗದ್ದಲ ಕೇಳಿ ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು. ಗಾಜಿನ ಹತ್ತಿರ ಬಗ್ಗಿ ನೋಡಿದರು. ಆಮೇಲೆ, "ಅಯ್ಯ ಶಿವನ! ಇವಕ್ಕ ಯಾರು ಕಲಿಸ್ಯಾರ?" ಎಂದು ಕೈಗೆ ಅಂಟಿದ್ದ ಜೋಳದ ಹಿಟ್ಟನ್ನೇ ಚೂರು ಉದುರಿಸಿದರು. ದಂಡು ಅವರ ಬೆರಳಿನ ಕೆಳಗೇ ಬಂದು ಮುತ್ತಿತು. ಅಂದಿನಿಂದ ಮೀನಿಗೆ ಹಿಟ್ಟು ಹಾಕುವ ಕೆಲಸ ಅವರದು. ನಮಗೆ ಬಿಟ್ಟುಕೊಡಲೇ ಇಲ್ಲ.

ಕನ್ನಡ ನಾಡೆಲ್ಲ ಒಂದಾದ ದಿನ ನಮ್ಮ ಓಣಿಯಲ್ಲೂ ಮೆರವಣಿಗೆ ಬಂತು. ನೀರು ಕುಡಿಯಲು ಒಳಗೆ ಬಂದವರು ತೊಟ್ಟಿಯ ಮುಂದೆ ನಿಂತುಬಿಟ್ಟರು, ಕದಲಲೇ ಇಲ್ಲ. "ಹಿಂದಿನವರಿಗೂ ಜಾಗಾ ಬಿಡ್ರಿ, ಗಾಜಿಗೆ ಕೈ ಹಚ್ಚಬ್ಯಾಡ್ರಿ" ಎಂದು ಅತ್ತೆಯದೇ ದರಬಾರು.

ಅದಾದ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ತೊಟ್ಟಿ ತೊಳೆಯುವಾಗ ತೆಗೆದು ಹಿತ್ತಲ ಕಲ್ಲುಬಾನಿಯಲ್ಲಿ ಹಾಕಿದ್ದ ಪಾಚಿಯನ್ನು ಚೆಲ್ಲಲು ಹೋದೆ. ನೀರಲ್ಲಿ ಏನೋ ಚಿಟಿಚಿಟಿ ಅಲುಗಿತು. ಸಾಸಿವೆಯಷ್ಟು ಕಣ್ಣು, ಕೂದಲೆಳೆಯಷ್ಟು ಮೈ. ಪಾಚಿಗೆ ಅಂಟಿಕೊಂಡು ಬಂದ ತತ್ತಿ ಒಡೆದು ಹೊರಬಿದ್ದ ಮರಿಗಳು!

"ಅತ್ತೀ, ಜಲ್ದಿ ಬರ್ರಿ!" ಎಂದು ಚೀರಿದೆ.

ಅವರು ಬಾನಿಯ ಮೇಲೆ ಬಗ್ಗಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದರು. ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು: "ಬರ್ರೆವಾ ಬರ್ರಿ, ಬಾಯಿ ಸಿಹಿ ಮಾಡ್ಕೊರ್ರಿ! ನಮ್ಮ ಮನಿ ಮೀನ ಹಡದಾವ!"