ಬ್ಯಾಟರಿ ಕಾಯುವ ಮನೆ

ನಮ್ಮ ಮನೆಯಲ್ಲಿ ಎತ್ತಿಕೊಂಡು ತಿರುಗುವ ವಯಸ್ಸಿನ ಮಕ್ಕಳು ಯಾರೂ ಇಲ್ಲ. ಆದರೂ ಕಳೆದ ವರ್ಷವೆಲ್ಲ ನಾನು ಒಂದನ್ನು ಎತ್ತಿಕೊಂಡೇ ತಿರುಗಿದೆ. ಅದು ಅಕ್ಕನ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಕಪ್ಪು ಬಣ್ಣ, ಮೇಲೊಂದು ಹಿಡಿ. ತೂಕ ಅರ್ಧ ಮೂಟೆ ಅಕ್ಕಿಯಷ್ಟು ಎಂದು ನನ್ನ ಭುಜ ಹೇಳುತ್ತದೆ. ಭುಜಕ್ಕೂ ಇದ್ದದ್ದನ್ನು ಹೆಚ್ಚು ಮಾಡಿ ಹೇಳುವ ಚಟ, ನನ್ನ ಹಾಗೆ.

ಇದಕ್ಕಿಂತ ಮೊದಲಿನದು ಕಳುವಾದದ್ದು ಚನ್ನರಾಯಪಟ್ಟಣದಲ್ಲಿ, ನೆಂಟರ ಮದುವೆಯ ದಿನ, ಚೌಟ್ರಿಯ ಮುಂದೆ. ಹ್ಯಾಂಡಲ್ ಲಾಕ್ ಮಾಡಿದ್ದೆವು, ಮುಂದಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದೆವು. ಊಟ ಮುಗಿಸಿ ಎಲೆಅಡಿಕೆ ಜಗಿಯುತ್ತ ಬಂದರೆ ಗಾಡಿ ನಿಂತ ಹಾಗೆಯೇ ನಿಂತಿತ್ತು. ಅಕ್ಕ ಕೀ ತಿರುಗಿಸಿದಳು. ಈ ಗಾಡಿಗೆ ಸದ್ದೇ ಇಲ್ಲವೆಂದು ಹಿಂದೆ ಕೂತು ಬಾಯಲ್ಲಿ ಬುಲೆಟ್ಟಿನ ಸದ್ದು ಹೊರಡಿಸುವುದು ನನ್ನ ಪಾಲಿನ ಕೆಲಸ. ಅಂದೂ ‘ಡುಗು ಡುಗು’ ಶುರುಮಾಡಿದ್ದೆ.

“ಸುಮ್ನಿರೋ. ಗಾಡಿ ಆನ್ ಆಗ್ತಾನೇ ಇಲ್ಲ,” ಅಂದಳು.

ಇಳಿದು ಸೀಟು ಎತ್ತಿದೆವು. ಕಳ್ಳರು ಬ್ಯಾಟರಿಯನ್ನಷ್ಟೇ ತೆಗೆದುಕೊಂಡು, ಸೀಟನ್ನು ಮತ್ತೆ ಮರ್ಯಾದೆಯಾಗಿ ಮುಚ್ಚಿ ಹೋಗಿದ್ದರು. ನಾವು ಸುತ್ತಿದ್ದ ಸರಪಳಿಯನ್ನು ಮುಟ್ಟಿಯೂ ಇರಲಿಲ್ಲ.

ಅಕ್ಕ ಹೊಳೆನರಸೀಪುರದ ರಸ್ತೆಯಲ್ಲಿರುವ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರು. ಹಾಸನದಲ್ಲಿರುವ ನಮ್ಮ ಮನೆಯಿಂದ ಆ ಕಡೆ ಹೋಗುವ ಎಲ್ಲ ಬಸ್ಸುಗಳೂ ಶಾಲೆಯ ಹತ್ತಿರ ನಿಲ್ಲುವುದಿಲ್ಲ. ನಿಲ್ಲುವ ಬಸ್ಸು ಹಿಡಿಯಬೇಕಾದರೆ ಊರು ಏಳುವ ಮೊದಲೇ ಏಳಬೇಕು, ಇಳಿದ ಮೇಲೂ ಒಂದಷ್ಟು ದೂರ ನಡೆಯಬೇಕು. ಬ್ಯಾಟರಿ ಕಳುವಾದ ವಾರ ಅವಳು ದಿನಾ ತಡವಾದಳು, ಎರಡು ದಿನ ಹೋಗಲೇ ಇಲ್ಲ. ಹೆಡ್ ಮೇಡಂ ಕರೆದು ಹೇಳಿದರಂತೆ: “ನೋಡಿ ಮೇಡಂ, ಮಕ್ಕಳು ಕಾಯ್ತಾ ಇರ್ತಾರೆ. ಇನ್ನೊಂದು ಸಲ ಹೀಗಾದ್ರೆ ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತೆ.”

ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ ಹಾಗೆ ಮಾಡಿ, ಅದನ್ನು ಅದೇ ರಾಗದಲ್ಲಿ ಹೇಳಿ ತೋರಿಸಿದೆ. ನಾನು ಅಣಕಿಸದ ಮನುಷ್ಯ ನಮ್ಮ ಬೀದಿಯಲ್ಲಿಲ್ಲ. ನಾನು ಯಾರನ್ನು ಅಣಕಿಸಿದರೂ ಮೊದಲು ನಗುವವಳು ಅಕ್ಕ. ಅಂದು ಎದ್ದು ಹೋಗಿ ತಟ್ಟೆ ತೊಳೆದಳು.

ಹೇಗೋ ದುಡ್ಡು ಹೊಂದಿಸಿ ಹೊಸ ಬ್ಯಾಟರಿ ತಂದೆವು. ತಂದ ದಿನವೇ ಅವ್ವನ ಅಪ್ಪಣೆಯಾಯಿತು. “ಬ್ಯಾಟ್ರಿ ಕಣ್ಮುಂದೆ ಇರ್ಬೇಕು ಕಣ್ಲಾ. ಗಾಡಿ ಓದ್ರೆ ಪೋಲೀಸ್ನೋರು ಉಡುಕ್ತಾರೆ. ಬ್ಯಾಟ್ರಿ ಓದ್ರೆ ಯಾರ್ಲಾ ಉಡುಕ್ತಾರೆ?”

ಅಂದಿನಿಂದ ಶಾಲೆಯಿರುವ ದಿನಗಳಲ್ಲಿ ಅಕ್ಕ ಅದನ್ನು ಕ್ಲಾಸಿಗೆ ಹೊತ್ತು ಮೇಜಿನಡಿ ಇಟ್ಟುಕೊಂಡಳು. ಮಕ್ಕಳು ಅದು ಮಿಸ್ಸಿನ ಊಟದ ಡಬ್ಬಿ ಎಂದುಕೊಂಡು ಮಿಸ್ಸಿನ ಹಸಿವಿಗೆ ಹೆದರಿದವು. ಭಾನುವಾರ, ಶಾಲೆಗೆ ರಜೆಯಿದ್ದ ದಿನ, ಸಂಜೆ ನನ್ನ ಪಾಳಿ. ಬ್ಯಾಂಕಿನಲ್ಲಿ ಗಾರ್ಡು ತಡೆದು ಇದೇನೆಂದು ಕೇಳಿದ. ದೇವಸ್ಥಾನದಲ್ಲಿ ಅದನ್ನು ಕಂಕುಳಲ್ಲಿಟ್ಟುಕೊಂಡೇ ಮಂಗಳಾರತಿ ತೆಗೆದುಕೊಂಡೆ. ಹೊಳೆನರಸೀಪುರದಲ್ಲಿ ಅವ್ವನ ಹಲ್ಲು ಕೀಳಿಸಿದಾಗ ಡಾಕ್ಟರು ಕುರ್ಚಿ ಹಿಂದಕ್ಕೆ ಬಾಗಿಸಿದರೂ ಅವಳು ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅರಕಲಗೂಡಿನ ಹೋಟೆಲಿನಲ್ಲಿ ಎದುರಿನ ಕುರ್ಚಿಯ ಮೇಲೆ ಕೂರಿಸಿದೆ. ಸಪ್ಲೈಯರ್ ನನ್ನ ಆರ್ಡರ್ ತೆಗೆದುಕೊಂಡು ಅತ್ತ ತಿರುಗಿ, “ಸಾ, ಇವ್ರಿಗೇನ್ ಕೊಡ್ಲಿ?” ಅಂದ.

ಮೊದಮೊದಲು ಇದನ್ನೆಲ್ಲ ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಯಲ್ಲಿ ಗಾರ್ಡಿನ ದನಿ, ಸಪ್ಲೈಯರಿನ ದನಿ ಮಾಡಿ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಹೇಳಿ ಹೇಳಿ ನಗು ಸವೆಯಿತು, ಭಾರ ಮಾತ್ರ ಸವೆಯಲಿಲ್ಲ. ಸಂಜೆ ಅಕ್ಕ ಬಂದು ಅದನ್ನು ಬಾಗಿಲಲ್ಲಿ ನನ್ನ ಕೈಗೆ ದಾಟಿಸುವಾಗ ಹಗಲು ಪಾಳಿಯ ಕಾವಲುಗಾರ ಇರುಳು ಪಾಳಿಯವನಿಗೆ ಬೀಗದ ಕೈ ಕೊಡುವ ಹಾಗೆ ಕೊಡುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯಲ್ಲಿ ದೊಡ್ಡಪ್ಪ ತೀರಿಕೊಂಡರೆಂದು ಫೋನ್ ಬಂತು. ಅವ್ವನ ಅಕ್ಕನ ಗಂಡ. ಬಸ್ಸು ನಂಬಿಕೊಂಡರೆ ಮುಖ ನೋಡಲು ಸಿಗುವುದಿಲ್ಲವೆಂದು ಅವ್ವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲೇ ಹೊರಟೆ. ಇಬ್ಬರಿಗೇ ಜಾಗ, ಅಕ್ಕ ಮನೆಯಲ್ಲಿ ಉಳಿದಳು. ಚಾರ್ಜು ಅಲ್ಲಿಗೆ ಹೋಗಲು ಸಾಕು, ಬರಲು ಸಾಲದು. ಹಾಗಾಗಿ ಬಲಗೈಯಲ್ಲಿ ಹೂವಿನ ಹಾರ, ಎಡಗೈಯಲ್ಲಿ ಬ್ಯಾಟರಿ, ಕುತ್ತಿಗೆಗೆ ಚಾರ್ಜರಿನ ವೈರು ಸುತ್ತಿಕೊಂಡು ನಾನು ಸಾವಿನ ಮನೆ ಹೊಕ್ಕೆ.

ನಡುಮನೆಯಲ್ಲಿ ದೊಡ್ಡಪ್ಪ ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿದ್ದರು. ಅವರು ಗಂಟಲು ಸರಿಮಾಡಿಕೊಳ್ಳುವುದನ್ನು ಅಣಕಿಸಿ ಅವರಿಂದಲೇ ಶಭಾಷ್ ಅನ್ನಿಸಿಕೊಂಡವನು ನಾನು. ಹಾರವನ್ನು ಗಾಜಿನ ಮೇಲಿಟ್ಟೆ. ಪ್ಲಗ್ಗಿನ ಜಾಗ ಇದ್ದದ್ದು ಪೆಟ್ಟಿಗೆಯ ಪಕ್ಕದಲ್ಲೇ. ಬಗ್ಗಿ ಚಾರ್ಜರ್ ಸಿಕ್ಕಿಸುತ್ತಿದ್ದಾಗ ಅವ್ವನ ತಮ್ಮ, ನನ್ನ ಮಾವ, ಕಿವಿಯ ಹತ್ತಿರ ಬಂದ.

“ಲೇ, ನಿನ್ ಗಾಡಿ ಪ್ಲಗ್ ಆಕಾಕ್ ಓಗಿ ಭಾವುಂದು ಕಿತ್ತಾಕ್ಬುಟ್ಟೀಯ. ಉಸಾರು ಕಣ್ಲಾ.”

“ಎದುರ್ಗಡೆ ಜಗುಲಿ ಮೇಲೆ ಪ್ಲಗ್ ಐತಾ ಮಾವ?”

“ಐತೆ. ಅಲ್ಲಿಟ್ರೆ ಸಂಜೀಕೆ ನಿನ್ ಬ್ಯಾಟ್ರಿಗೂ ನಾವೇ ಅಳ್ಬೇಕಾಯ್ತದೆ. ಇಲ್ಲೇ ಇರ್ಲಿ ಬುಡು.”

ಅಲ್ಲೇ ಇತ್ತು. ಮಧ್ಯಾಹ್ನ ಗಂಡಸರೆಲ್ಲ ಮಣ್ಣಿಗೆ ಹೊರಟಾಗ ನನಗೆ ಕಾಲೇಳಲಿಲ್ಲ. ಹೆಗಲು ಕೊಡಬೇಕು, ಇದನ್ನು ಬಿಟ್ಟು ಹೋಗುವುದು ಹೇಗೆ? ಅವ್ವ ಅಳುತ್ತ ಒಳಗೆಲ್ಲೋ ಇದ್ದಳು. ನಾನು ನಿಂತು ನಿಂತು ಹಿಂದೆ ನೋಡುತ್ತಿದ್ದುದನ್ನು ಕಂಡದ್ದು ದೊಡ್ಡವ್ವ. ಸೆರಗಿನಿಂದ ಮುಖ ಒರೆಸಿಕೊಂಡು, “ಓಗಪ್ಪ ನೀನು. ಮಣ್ಣಾಕ್ಬುಟ್ ಬಾ. ಬ್ಯಾಟ್ರಿ ನಾನ್ ನೋಡ್ಕತೀನಿ,” ಅಂದಳು.

ಮಣ್ಣು ಮುಗಿಸಿ ಬಂದಾಗ ಪೆಟ್ಟಿಗೆಯಿದ್ದ ಜಾಗ ಖಾಲಿಯಾಗಿತ್ತು. ದೊಡ್ಡವ್ವ ಗೋಡೆಗೊರಗಿ ಕೂತು ಬ್ಯಾಟರಿಯ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಅಳು ನಿಂತಿರಲಿಲ್ಲ, ಕೈಯೂ ಬಿಟ್ಟಿರಲಿಲ್ಲ. ಅದನ್ನು ಅವಳ ಕೈಯಿಂದ ತೆಗೆದುಕೊಳ್ಳುವಾಗ ನನಗೆ ಈ ಕಾಯುವ ಕೆಲಸವೇ ಸಾಕೆನಿಸಿತು.

ಕತ್ತಲಾಗುವ ಮೊದಲು ಹಾಸನ ಮುಟ್ಟಿದೆವು. ಸಾವಿನ ಮನೆಯಿಂದ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವ ಹಾಗಿಲ್ಲ. ಜೊತೆಗೆ ಹೋಗಿದ್ದ ಕೊಡೆ, ಚಪ್ಪಲಿ, ಬ್ಯಾಗು ಎಲ್ಲಕ್ಕೂ ಅವ್ವ ನೀರು ತೋರಿಸುತ್ತಾಳೆ. ಹಿತ್ತಲ ನಲ್ಲಿಯ ಹತ್ತಿರ ಅವಳದು ಮುಗಿದು, ನಾನು ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದೆ. ಬ್ಯಾಟರಿ ಬಟ್ಟೆ ಒಗೆಯುವ ಕಲ್ಲಿನ ಮೇಲಿತ್ತು. ಒಳಗೆ ತಂದರೆ ಮೈಲಿಗೆ, ಹೊರಗಿಟ್ಟರೆ ಮೋಟುಗೋಡೆ ಹಾರಿ ಬರುವ ಕಳ್ಳ. ಅವಳು ಆ ಗಂಟನ್ನು ತನ್ನಷ್ಟಕ್ಕೆ ಬಿಡಿಸಿಕೊಂಡಳು. ನೀರು ಬಿದ್ದ ಸದ್ದಿಗೆ ನಾನು ಕಣ್ಣು ಬಿಟ್ಟಾಗ ಅವಳ ಕೈಯಲ್ಲಿ ಖಾಲಿ ಚೊಂಬಿತ್ತು.

“ಅವ್ವಾ!”

“ಒಂದೇ ಚೊಂಬು ಕಣ್ಲಾ. ಮಳೇಲಿ ಓಡಾಡಲ್ವಾ ಗಾಡಿ?”

“ಸೀಟಿನ ಒಳಗೆ ಮಳೆ ಬತ್ತದಾ? ಚಾರ್ಜ್ ಆಕೋ ತೂತಿನ ಮುಚ್ಚಳ ತೆಗೆದೈತೆ ನೋಡು!”

ಅವಳು ನೋಡಿದಳು. ತೂತಿನಲ್ಲಿ ನೀರು ನಿಂತಿತ್ತು. ಚೊಂಬನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು, “ನಮ್ಮಕ್ಕ ಮುಟ್ಕೊಂಡ್ ಕೂತಿದ್ಲಲ್ಲಪ್ಪ ಮದ್ಯಾನದಿಂದ. ಅದ್ಕೇ,” ಅಂದಳು.

ಗಲಾಟೆ ಕೇಳಿ ಅಕ್ಕ ಬಾಗಿಲಿಗೆ ಬಂದಳು. ಅವಳು ಬಯ್ಯುತ್ತಾಳೆಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು, ಮೈಯಿಂದ ನೀರು ಸುರಿಸುತ್ತ. ಅವಳು ಬಯ್ಯಲಿಲ್ಲ. ಗಾಡಿ ಮಾರಿದ ಅಂಗಡಿಗೆ ಫೋನ್ ಮಾಡಿದಳು. ನಾಳೆ ಸಂಜೆಯವರೆಗೂ ಒಣಗಲಿ, ಅಲ್ಲಿಯವರೆಗೆ ಹಾಕಿ ನೋಡಲೂ ಬೇಡಿ ಎಂದರು. ಅವ್ವ, “ನಿಮ್ಮಂಗ್ಡೀಲಿ ನೆಂದಿರೋ ಫೋನ್ ಅಕ್ಕೀಲಿ ಇಡ್ತೀರಲ್ವಾ?” ಎಂದು ನನ್ನನ್ನು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಬ್ಯಾಟರಿಯನ್ನು ಚೆನ್ನಾಗಿ ಒರೆಸಿ ಅಕ್ಕಿಯ ಮೂಟೆಯೊಳಗೆ ಹೂತಳು. ಒಂದೇ ದಿನದಲ್ಲಿ ನಾನು ನೋಡಿದ ಎರಡನೆಯ ಮಣ್ಣು ಅದು.

“ಅಕ್ಕ, ನಾಳೆ ಬೆಳಿಗ್ಗೆ ನಿಮ್ಮ ಮೇಡಂಗೆ ನಾನ್ ಫೋನ್ ಮಾಡ್ತೀನಿ. ಡಾಕ್ಟರ್ ದನೀಲಿ. ಎರಡು ದಿನ ರೆಸ್ಟ್ ಬೇಕು ಅಂತೀನಿ,” ಅಂದೆ.

“ಬ್ಯಾಡ ಕಣೋ. ನಿನ್ ಬಾಯಿಂದ ಇರೋ ಕೆಲ್ಸಾನೂ ಓಯ್ತದೆ.”

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅವ್ವ ಮೂಟೆಯ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಫೋನ್ ಮಾಡಿದೆ, ಅಕ್ಕ ಎತ್ತಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಎದುರು ನಿಂತರೂ ಹೆಡ್ ಮೇಡಮ್ಮಿನ ಮಾತೇ ಕಿವಿಯಲ್ಲಿ ಕೇಳುತ್ತಿತ್ತು, ನನ್ನದೇ ದನಿಯಲ್ಲಿ.

ಸಂಜೆ ಅವಳು ಬರುವ ಮೊದಲೇ ನಾನು ಅಕ್ಕಿ ಕೊಡವಿ ಬ್ಯಾಟರಿ ಹಾಕಿದ್ದೆ. ಕೀ ತಿರುಗಿಸಿದೆ. ಮೀಟರಿನ ದೀಪ ಹತ್ತಿತು. ಅವ್ವ ಅಲ್ಲೇ ಕೈಮುಗಿದಳು. ಅಷ್ಟರಲ್ಲಿ ಅಕ್ಕ ಗೇಟಿನೊಳಗೆ ಬಂದಳು, ಚಪ್ಪಲಿಯೆಲ್ಲ ಧೂಳು.

“ಏನಂದ್ರು ಮೇಡಂ?” ನಾನು ಕೇಳಿದೆ.

“ಏನಂತಾರೆ? ಅವ್ರು ಬರೋ ಒತ್ಗೆ ನಾನೇ ಗೇಟಲ್ಲಿ ನಿಂತಿದ್ದೆ. ದಿನಾ ಇಂಗೇ ಬನ್ನಿ ಅಂದ್ರು.”

“ಗಾಡಿ ಸರಿಯಾಯ್ತು ಕಣೆ,” ಅವ್ವ ಹೇಳಿದಳು. “ನಾಳೆಯಿಂದ ನೀನು ಅಷ್ಟೊತ್ಗೆಲ್ಲ ಏಳ್ಬೇಕಾಗಿಲ್ಲ.”

ಅಕ್ಕ ಮೀಟರಿನ ದೀಪವನ್ನು ನೋಡಿದಳು. ಹತ್ತಿರ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದಳು.

“ಇನ್ಮೇಲೆ ಅದನ್ನ ಇವನೇ ಇಟ್ಕೊಳ್ಳಿ. ನಾನು ಬಸ್ಸಿಗೇ ಓಗ್ತೀನಿ. ಬೆಳಿಗ್ಗೆ ಬಸ್ಸಲ್ಲಿ ನಿದ್ದೆ ಬಂದ್ಬುಡ್ತು ಕಣವ್ವ. ಕಂಡಕ್ಟರೇ ಎಬ್ಬಿಸ್ದ. ಕೈಲಿ ಒಂದ್ ಚೀಲ ಬುಟ್ರೆ ಏನೂ ಇರ್ಲಿಲ್ಲ.”

ಅಕ್ಕ ಕಾಲು ತೊಳೆಯಲು ಹಿತ್ತಲಿಗೆ ಹೋದಳು. ನಾನು ಕೀ ತೆಗೆದೆ. ಮೀಟರಿನ ದೀಪ ಆರಿತು.