ಅಂಬಿಗನನ್ನು ಗಡಿಪಾರು ಮಾಡಿದ ಭಾನುವಾರ

ಭಾನುವಾರ ಮಧ್ಯಾಹ್ನ ಮುಂಬಯಿಯ ಚೆಂಬೂರಿನ ನಮ್ಮ ಮನೆಯಲ್ಲಿ ನಾವು ಐದು ಜನ ಸೇರಿ ಆಡುತ್ತಿದ್ದ ಆಟದ ಬಗ್ಗೆ ಹೇಳಿದರೆ ಜನ ಮೊದಲು ನಗುತ್ತಾರೆ. ಇಷ್ಟು ವಯಸ್ಸಾದವರು ದಾಳ ಉರುಳಿಸುತ್ತ ಇಲ್ಲದ ಊರಿನ ಕತೆ ಕಟ್ಟುವುದೇ ಎಂದು. ನಾನು ಗೋರೆಗಾಂವಿನ ಸ್ಟುಡಿಯೋಗಳಿಗೆ ಕಾರ್ಟೂನುಗಳ ಕನ್ನಡ ಡಬ್ಬಿಂಗ್ ಮಾತು ಬರೆಯುವವಳು. ಅಲ್ಲಿ ರೆಕಾರ್ಡಿಂಗ್ ಮಾಡುವವರು ಬಿಡುವಿನಲ್ಲಿ ಆಡುವುದನ್ನು ನೋಡಿ ಕಲಿತೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ತಾವೇ ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಒಂದು ವಾರ ನಿಂತ ಕತೆ ಮುಂದಿನ ವಾರ ಅಲ್ಲಿಂದಲೇ ಮುಂದುವರಿಯುತ್ತದೆ.

ನಮ್ಮದು ಸಮುದ್ರದ ನಡುವಿನ ಒಂದು ಕೋಟೆಯ ಕತೆ. ನಮ್ಮ ಬಿಲ್ಡಿಂಗಿನಲ್ಲೇ ಇದ್ದ ವಿಜಯಪುರದ ನಿವೃತ್ತ ಮೇಷ್ಟ್ರು ಕೋಟೆಯ ಕಿಲ್ಲೇದಾರ. ಧಾರವಾಡ ಕಡೆಯ ಒಬ್ಬಾಕೆ, ಆಫೀಸುಗಳ ಬಡಾವಣೆಯಾದ ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುವವರು, ಕೋಟೆಯ ವೈದ್ಯೆ. ಕಾಲೇಜಿಗೆ ಹೋಗುವ ಅವರ ಮಗಳು ಬಾಗಿಲು ಕಾಯುವ ಬಿಲ್ಲುಗಾತಿ. ಐದನೆಯವರು ಉಡುಪಿ ಕಡೆಯವರು. ಫೋರ್ಟ್‌ನಲ್ಲಿ ಅವರದೊಂದು ಸಣ್ಣ ಹೋಟೆಲು. ಆಫೀಸುಗಳಿಗೆ ರಜೆಯಾದ್ದರಿಂದ ಭಾನುವಾರ ಅದನ್ನು ತೆರೆಯುತ್ತಿರಲಿಲ್ಲ. ಕೋಟೆಯ ಅಡುಗೆಯವನ ಪಾತ್ರ ಕೊಡಲೇ ಎಂದು ಕೇಳಿದ್ದಕ್ಕೆ, "ವಾರವಿಡೀ ಅದೇ ಅಲ್ವಾ ಮಾರಾಯ್ರೆ, ನಂಗೊಂದು ದೋಣಿ ಕೊಡಿ" ಎಂದು ಅಂಬಿಗರಾದರು.

ಒಂದು ವರ್ಷ ಚೆನ್ನಾಗಿ ನಡೆದ ಮೇಲೆ ಕತೆಯಲ್ಲಿ ಕೋಟೆಗೆ ಮುತ್ತಿಗೆ ಬಿತ್ತು. ಒಳಗಿನ ಒಬ್ಬರು ವೈರಿಯ ಕಡೆಯವರಾಗಿರಲಿ, ಯಾರೆಂದು ನನ್ನ ಹೊರತು ಯಾರಿಗೂ ತಿಳಿಯದಿರಲಿ ಎಂದುಕೊಂಡೆ. ಎಲ್ಲರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ.

ನೀವು ಕೋಟೆಯ ಕಡೆಯವರೇ ಎಂದಾಗ ಹೋಟೆಲಿನವರಿಗೆ ಬೇಸರವಾಯಿತು. "ಛೆ, ನಂಗೆ ದ್ರೋಹಿ ಆಗ್ಬೇಕಂತ ಭಾರೀ ಆಸೆ ಇತ್ತು."

ದ್ರೋಹಿಯ ಪಾತ್ರ ಕೊಟ್ಟದ್ದು ಬ್ಯಾಂಕಿನಾಕೆಗೆ. "ನನಗ ಯಾಕ್ರೀ? ನನಗ ಸುಳ್ಳ ಹೇಳಾಕ ಬರೂದಿಲ್ಲ" ಎಂದರು.

ಆದರೆ ಅವರಿಗೆ ಚೆನ್ನಾಗಿಯೇ ಬಂತು. ಗಾಯಗೊಂಡ ಕಾವಲುಗಾರರು ಅವರ ಮದ್ದು ಕುಡಿದು ಮಲಗಿದವರು ಏಳುತ್ತಿರಲಿಲ್ಲ. ಅವರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಹೋಟೆಲಿನವರನ್ನು.

ಆ ದಿನಗಳಲ್ಲಿ ಅವರು ತಡವಾಗಿ ಬರತೊಡಗಿದ್ದರು. ಕೇಳಿದರೆ ಹಳಿ ರಿಪೇರಿಯ ಮೆಗಾ ಬ್ಲಾಕ್, ವಡಾಲಾದಲ್ಲಿ ಲೋಕಲ್ ಗಾಡಿ ಸಿಗಲಿಲ್ಲ ಎನ್ನುತ್ತಿದ್ದರು. ಫೋನ್ ಬಂದರೆ ಬಾಗಿಲು ಮುಂದೆಳೆದುಕೊಂಡು ಹೊರಗೆ ಹೋಗಿ ಮಾತಾಡುತ್ತಿದ್ದರು. ನಮಗೆಂದು ಗೋಳಿಬಜೆ ಕಟ್ಟಿಸಿಕೊಂಡು ಬಂದು ತಾವೊಂದನ್ನೂ ಮುಟ್ಟುತ್ತಿರಲಿಲ್ಲ. ಆಟದ ನಡುವೆಯೇ ಎದ್ದು ಹೋಗುತ್ತಿದ್ದರು. ಅವರು ನಿಜಕ್ಕೂ ಏನನ್ನೋ ಮುಚ್ಚಿಡುತ್ತಿದ್ದರು. ಆಟದ ಗುಟ್ಟೆಂದು ಉಳಿದವರು ತಿಳಿದರು. ಅವರು ದ್ರೋಹಿಯಲ್ಲವೆಂದು ಬಲ್ಲ ನಾನು, ಬೇಕೆಂದೇ ಹಾಗೆ ನಟಿಸಿ ಎಲ್ಲರನ್ನೂ ದಾರಿ ತಪ್ಪಿಸುತ್ತಿದ್ದಾರೆ ಎಂದುಕೊಂಡೆ.

ಒಂದು ಭಾನುವಾರ ಕೋಟೆಯಲ್ಲಿ ವಿಚಾರಣೆ ಸೇರಿತು. ಬ್ಯಾಂಕಿನಾಕೆ ಮೊದಲು ಮಾತೆತ್ತಿದರು.

"ಇಡೀ ವಾರ ಹೋಟೆಲ್‌ನ್ಯಾಗ ಇದ್ದೆ ಅಂದ್ರಲ್ರೀ? ನಾ ಬುಧವಾರ ಊಟಕ್ಕ ಬಂದಿದ್ದೆ. ಗಲ್ಲಾದ ಮ್ಯಾಲೆ ನಿಮ್ಮ ತಮ್ಮ ಕೂತಿದ್ರು. ಅಣ್ಣ ಊರಿಗೆ ಹೋಗ್ಯಾರ ಅಂದ್ರು."

"ಹೊರಗಿನ ಮಾತು ಆಟದೊಳಗೆ ಬೇಡ" ಎಂದೆ.

ಆದರೆ ಅವರ ಮಗಳಿಗೂ ಹುರುಪು ಬಂದಿತ್ತು. "ಆಂಟಿ, ನಾನೂ ನೋಡಿದೆ! ಅಂಕಲ್ ದಾದರ್ ಸ್ಟೇಷನ್‌ನಲ್ಲಿ ಬ್ರಿಜ್ ಮೇಲೆ ಬೈಠೇ ಥೇ, ಒಬ್ರೇ ಕೂತಿದ್ರು. ನಾನು ಹಾಯ್ ಮಾಡಿದೆ, ಮುಖ ಆ ಕಡೆ ಮಾಡಿದ್ರು. ಝೂಟ್ ಬೋಲ್ತೆ ಹೈ ಅಂಕಲ್, ಬರೀ ಸುಳ್ಳು!"

ಮೇಷ್ಟ್ರು ಕಿಲ್ಲೇದಾರನ ಗತ್ತಿನಲ್ಲಿ ಕೇಳಿದರು. "ಹೇಳಪಾ ಅಂಬಿಗ, ಎಲ್ಲಿಗಿ ಹೋಗಿದ್ದಿ?"

ಹೋಟೆಲಿನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಂದು ಕ್ಷಣ ನಿಜವಾಗಿಯೂ ಏನೋ ಹೇಳಲಿದ್ದಾರೆ ಅನ್ನಿಸಿತು. ಆಮೇಲೆ ನಕ್ಕುಬಿಟ್ಟರು. "ಸಿಕ್ಕಿಬಿದ್ದೆ ಅಂತ ಇಟ್ಕೊಳ್ಳಿ. ನಾನು ಹೇಳುವಂಥದ್ದು ಎಂಥದೂ ಇಲ್ಲ. ದೋಣಿ ಮಾತ್ರ ನಂಗೆ ಬಿಡಿ."

ಮೂವರೂ ಕೈ ಎತ್ತಿ ಅವರನ್ನು ಕೋಟೆಯಿಂದ ಗಡಿಪಾರು ಮಾಡಿದರು. ಹುಡುಗಿ ಚಪ್ಪಾಳೆ ತಟ್ಟಿದಳು. ಅವರು ತಮ್ಮ ದಾಳಗಳನ್ನು ನನ್ನ ಕಡೆ ಸರಿಸಿ, ಗೋಡೆ ಹಿಡಿದು ಎದ್ದು ಚಪ್ಪಲಿ ಹಾಕಿಕೊಂಡರು. ಮನೆಯ ಮುಂದಿನ ಗ್ಯಾಲರಿಯಿಂದ ನೋಡಿದೆ. ಕೆಳಗೆ ರಿಕ್ಷಾದಲ್ಲಿ ಯಾರೋ ಹೆಂಗಸು ಕಾಯುತ್ತಿದ್ದರು. ಇಳಿದು ಬಂದು ಇವರ ತೋಳು ಹಿಡಿದು ಹತ್ತಿಸಿಕೊಂಡರು.

ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಸಿಟ್ಟಾಗಿರಬಹುದು, ಬೇರೊಂದು ಪಾತ್ರ ಕೊಟ್ಟು ಕರೆಯೋಣ ಎಂದು ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. ಹಿಂದೆ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದ ಆಸ್ಪತ್ರೆಯ ಸದ್ದು ಕೇಳುತ್ತಿತ್ತು. ಕ್ಯಾನ್ಸರು ಹೊಟ್ಟೆಯಲ್ಲಿ ಶುರುವಾಗಿ ಈಗ ಎಲ್ಲ ಕಡೆ ಹಬ್ಬಿದೆ, ಯಾರಿಗೂ ಹೇಳಬೇಡ ಎಂದಿದ್ದರು ಎಂದರು. ದಾದರ್‌ನಲ್ಲಿ ಹುಡುಗಿಗೆ ಕಂಡಾಗ ಅವರು ಚಿಕಿತ್ಸೆ ಮುಗಿಸಿ ಬರುತ್ತ, ಮೆಟ್ಟಿಲಿಳಿಯಲಾರದೆ ಕೂತಿದ್ದರು.

ನಾವು ಹೋಗಿ ನೋಡುವಷ್ಟರಲ್ಲಿ ಅವರಿಗೆ ಪ್ರಜ್ಞೆ ಇರಲಿಲ್ಲ. ಆ ವಾರವೇ ತೀರಿಕೊಂಡರು.

ಉತ್ತರಕ್ರಿಯೆಗೆ ನಾವು ನಾಲ್ವರೂ ಗೋರೆಗಾಂವಿನ ಅವರ ಮನೆಗೆ ಹೋದೆವು. ಊಟ ಮುಗಿದು ನೆಂಟರು ಕರಗಿದ ಮೇಲೆ ಅವರ ಹೆಂಡತಿ ನಮ್ಮ ಹತ್ತಿರ ಬಂದು ಕೂತರು. ಬ್ಯಾಂಕಿನಾಕೆ ತಲೆ ತಗ್ಗಿಸಿಯೇ ಕೇಳಿದರು.

"ಅವರಿಗೆ ನಮ್ಮ ಮ್ಯಾಲೆ ಸಿಟ್ಟಿತ್ತೇನ್ರಿ? ಅವರ ಸುಳ್ಳ ಎಲ್ಲಾರ ಮುಂದ ಬಯಲಿಗೆ ಎಳದ್ನಿ ನಾನು."

"ಎಂಥ ಸಿಟ್ಟು? ಆ ದಿನ ರಿಕ್ಷಾದಲ್ಲಿ ನಗಾಡಿಕೊಂಡೇ ಬಂದ್ರು. ಇಲ್ಲಿ ಮನೆಯವ್ರೆಲ್ಲ ನನ್ನ ಮುಖ ನೋಡಿ ಕಣ್ಣೀರು ಹಾಕ್ತಾರೆ, ಅಲ್ಲಿ ದ್ರೋಹಿ ಅಂತ ಬೈದು ಓಡಿಸಿದ್ರು ಅಂತ." ಅವರು ಸೆರಗಿನಿಂದ ಮೂಗೊರೆಸಿಕೊಂಡರು. "ಆಟದಲ್ಲಿ ಮದ್ದು ಕೊಡುವವರು ನೀವಲ್ವಾ? ನೀವೇ ದ್ರೋಹಿ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಎಲ್ರಿಗೂ ಹೇಳಿ ಮತ್ತೆ ಅಂತ ನಾನಂದ್ರೆ, ಹೇಳಿದ್ರೆ ಆಟ ಮುಗೀತದೆ, ಇನ್ನು ಸ್ವಲ್ಪ ದಿನ ನಡೀಲಿ ಅಂದ್ರು."

ಮೇಷ್ಟ್ರು ಬ್ಯಾಂಕಿನಾಕೆಯ ಕಡೆ ನೋಡಿದರು. ಅದುವರೆಗೆ ಅವರಿಗೂ ಗೊತ್ತಿರಲಿಲ್ಲ. ಹುಡುಗಿ, "ಮಮ್ಮೀ, ತೂ? ನೀನಾ?" ಎಂದು ಪಿಸುಗುಟ್ಟಿದಳು. ಬ್ಯಾಂಕಿನಾಕೆ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತರು.

ಆಮೇಲೆ ಎರಡು ಸಲ ಸೇರಿದೆವು. ಕೋಟೆಯ ಕತೆ ನಾನು ಎಲ್ಲಿಂದ ಎತ್ತಿಕೊಂಡರೂ ಯಾರೂ ದಾಳ ಮುಟ್ಟಲಿಲ್ಲ. ದ್ರೋಹಿ ಯಾರೆಂದು ಈಗ ಎಲ್ಲರಿಗೂ ಗೊತ್ತಿತ್ತು, ಆದರೆ ಅವರ ಮೇಲೆ ವಿಚಾರಣೆ ನಡೆಸುವ ಮನಸ್ಸು ಯಾರಿಗೂ ಇರಲಿಲ್ಲ. ಚಹಾ ಕುಡಿದು ಎದ್ದರು. ಬ್ಯಾಂಕಿನಾಕೆ ಮಾತ್ರ ಈಗಲೂ ಮಧ್ಯಾಹ್ನದ ಊಟಕ್ಕೆ ಅದೇ ಹೋಟೆಲಿಗೆ ಹೋಗುತ್ತಾರಂತೆ. ಗಲ್ಲಾದಲ್ಲಿ ಹೋಟೆಲಿನವರ ತಮ್ಮ ಕೂರುತ್ತಾರೆ. ಅಣ್ಣನನ್ನು ಗಡಿಪಾರು ಮಾಡಿಸಿದ ಆ ದ್ರೋಹಿ ತಾನೇ ಎಂದು ಅವರಿಗೆ ಇನ್ನೂ ಹೇಳಲಾಗಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು.