ಸೋದರಮಾವನ ಉಂಗುರ

ಯಲಹಂಕದಿಂದ ಹೆಸರಘಟ್ಟದವರೆಗೆ ನೆಂಟರಿಷ್ಟರ ಮನೆಯ ಯಾವ ಮದುವೆಯಾದರೂ ಮುಯ್ಯಿ ಕೂಗಲು ಚಿಕ್ಕಬೈರಪ್ಪನೇ ಬೇಕು. ಬಂದವರು ತಂದ ಉಡುಗೊರೆಯನ್ನು ಎತ್ತಿ ಹಿಡಿದು, ಕೊಟ್ಟವರ ಹೆಸರನ್ನೂ ಕೊಟ್ಟ ವಸ್ತುವನ್ನೂ ಮೈಕಿನಲ್ಲಿ ಸಾರುವ ಕೆಲಸ ಅದು. ನಡುನಡುವೆ ಒಂದೊಂದು ಚಟಾಕಿ ಹಾರಿಸಿ ಜನರನ್ನು ನಗಿಸುವುದೂ ಅವನದೇ ಬಾಬತ್ತು. ಕೈಯಲ್ಲಿ ಹಿಡಿದರೆ ಸಾಕು, ಯಾವುದು ಚಿನ್ನ ಯಾವುದು ಬೆಳ್ಳಿ ಎಂದು ಹೇಳಿಬಿಡುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಹೊಲವೆಲ್ಲ ಲೇಔಟಾಗಿ, ವಿದ್ಯಾರಣ್ಯಪುರದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಅವನಿಗೆ ಮಾಡಲು ಬೇರೆ ಕೆಲಸವಾದರೂ ಏನಿತ್ತು? ಮೈಕ್ ಸಿಕ್ಕಿದರೆ ಮುದುಕನಿಗೆ ಪ್ರಾಯ ಬರುತ್ತಿತ್ತು.

ಅಣ್ಣನ ಮೊಮ್ಮಗಳು ನಯನಾಳ ಮದುವೆಯಲ್ಲಿ ಅದೇ ಮೈಕು ಅವನ ಮಾನ ತೆಗೆಯಿತು.

ಅವರಲ್ಲಿ ಸೋದರಮಾವನಾದವನು ಹುಡುಗಿಗೆ ಚಿನ್ನ ಹಾಕಬೇಕು. ನಯನಾಳ ಸೋದರಮಾವ ಬಾಲರಾಜು ಹೆಸರಘಟ್ಟದಲ್ಲಿ ಹಸು ಕಟ್ಟಿಕೊಂಡು ಹಾಲು ಮಾರುವವನು, ಮಾತು ಕಡಿಮೆ. ವೇದಿಕೆ ಹತ್ತಿ ಒಂದು ಪುಟ್ಟ ಡಬ್ಬಿ ಕೊಟ್ಟ. ಚಿಕ್ಕಬೈರಪ್ಪ ತೆರೆದು ನೋಡಿದರೆ ಬೆಳ್ಳಗಿನ ಉಂಗುರ, ಕಲ್ಲಿಲ್ಲ, ಕುಸುರಿಯಿಲ್ಲ. ಅಂಗೈಗೆ ತೂಕ ಸ್ವಲ್ಪ ಹೆಚ್ಚೇ ಅನಿಸಿತು. ಒಂದು ಗಳಿಗೆ ನಿಂತು ಕೇಳಬಹುದಿತ್ತು. ಆದರೆ ತಮಾಷೆಯ ಮಾತು ಆಗಲೇ ನಾಲಿಗೆಯ ತುದಿಗೆ ಬಂದಾಗಿತ್ತು.

"ಸೋದರಮಾವ ಬಾಲರಾಜು ಕಡೆಯಿಂದ ಬೆಳ್ಳಿ ಉಂಗುರಾ! ಆಲಿನ ಯಾಪಾರ ಅಲ್ವಾ, ಚಿನ್ನಾನೂ ಬೆಳ್ಳಗಾಗೋಗೈತೆ ಕಣ್ರಪ್ಪೋ!"

ಛತ್ರವೆಲ್ಲ ಗೊಳ್ಳೆಂದು ನಕ್ಕಿತು. ಬಾಲರಾಜುವೂ ನಕ್ಕಂತೆ ಮಾಡಿ ಕೆಳಗಿಳಿದ. ಊಟದ ಪಂಕ್ತಿ ಕೂತಾಗ ಅವನು ಎಲ್ಲೂ ಕಾಣಲಿಲ್ಲ. ಸೋದರಮಾವ ಮದುವೆಯೂಟ ಬಿಟ್ಟು ಹೋಗುವುದೆಂದರೆ ಹುಡುಗಾಟದ ಮಾತಲ್ಲ.

ಸಂಜೆ ನಯನಾ ಉಂಗುರದ ಕೈಯನ್ನು ಚಿಕ್ಕಬೈರಪ್ಪನ ಮುಂದೆ ಚಾಚಿದಳು. "ತಾತ, ಇದು ಬೆಳ್ಳಿ ಅಲ್ಲ, ಪ್ಲಾಟಿನಂ. ನಾನು ದೊಡ್ಡೋಳಾದಾಗ್ಲೇ ಮಾವ ನನ್ ಮದ್ವೆಗೆ ಅಂತ ತೆಗ್ದಿಟ್ಟಿದ್ರು. ಯಾಕ್ ತಾತ ಹಂಗಂದ್ರಿ?" ಅಷ್ಟೇ ಕೇಳಿ ಕಣ್ಣೊರೆಸಿಕೊಂಡು ಹೋದಳು. ಅವನ ಮುಖ ಕಾದ ಹಂಚಿನಂತಾಯಿತು.

ಬೆಳಗಾಗುತ್ತಲೇ ತನ್ನ ಮಹಡಿಯಲ್ಲಿ ಬಾಡಿಗೆಗಿದ್ದ ಗೋದಾ ಮೇಡಂ ಮನೆಯ ಬಾಗಿಲು ತಟ್ಟಿದ. ಆಕೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ಕಾಫಿ ಕೊಟ್ಟು ಪ್ಲಾಟಿನಂ ಕಥೆ ಹೇಳಿದರು. ಸ್ಪೇನಿನವರಿಗೆ ಅದು ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಚಿನ್ನದ ಜೊತೆ ಸಿಕ್ಕಿತಂತೆ. ಎಷ್ಟು ಕಾಯಿಸಿದರೂ ಕರಗದು. ಕೀಳುಬೆಳ್ಳಿ ಎಂದು ಜರೆದರು. ಚಿನ್ನಕ್ಕೆ ಕಲಬೆರಕೆ ಮಾಡುತ್ತಾರೆಂದು ಹೆದರಿ ಹೊಳೆಗೇ ಸುರಿಸಿದರಂತೆ. ಆಗ ಅದು ಬೆಳ್ಳಿಗಿಂತಲೂ ಅಗ್ಗ. ಹದಮಾಡುವ ವಿದ್ಯೆ ಗೊತ್ತಾದ ಮೇಲೆ ರಾಜರ ಮೈಮೇಲೆ ಹತ್ತಿತು, ಚಿನ್ನವನ್ನೂ ಮೀರಿಸಿತು.

"ಈಗ್ಲೂ ಮೀರ್ಸೈತಾ ಮೇಡಂ?"

"ಇಲ್ಲ ಬೈರಪ್ಪನವ್ರೇ. ಹತ್ತು ವರ್ಷದ ಹಿಂದೆ ಚಿನ್ನ ಮುಂದೆ ಹೋಯ್ತು. ಈಗ ಚಿನ್ನದ ಅರ್ಧ ಬೆಲೆಯೂ ಇಲ್ಲ."

ಚಿಕ್ಕಬೈರಪ್ಪನಿಗೆ ಹೋದ ಜೀವ ಬಂದಂತಾಯಿತು. ಅಂಥಾ ಸ್ಪೇನಿನವರೇ ಬೆಳ್ಳಿ ಅಂದಿದ್ದರು, ಈಗ ಬೆಲೆಯೂ ಬಿದ್ದಿದೆ. ತಾನು ಅಂದದ್ದೇನು ಮಹಾ ತಪ್ಪು? ಮೆಟ್ಟಿಲಿಳಿಯುವಾಗ ಈ ಸಮಾಧಾನ ಅವನಿಗೇ ಹೇಸಿಗೆಯಾಯಿತು. ಮೊಮ್ಮಗಳ ಉಂಗುರದ ಬೆಲೆ ಬಿದ್ದಿತಲ್ಲ ಎಂದು ಹಿಗ್ಗುವ ತಾತ ಭೂಮಿ ಮೇಲೆ ಇನ್ನೊಬ್ಬನಿರಲಾರ.

ಬೀಗರೂಟಕ್ಕೆ ಕರೆಯುವ ನೆಪದಲ್ಲಿ ಅಂದೇ ಹೆಸರಘಟ್ಟಕ್ಕೆ ಹೋದ. ಬಾಲರಾಜು ಕೊಟ್ಟಿಗೆ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದು ಕುರ್ಚಿ ಹಾಕಿದ. ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು.

"ತಪ್ಪಾಯ್ತು ಕಣೋ ಬಾಲರಾಜು. ನೀನು ಸಿಟ್ಟಲ್ಲಿ ಊಟ ಬಿಟ್ಟು ಬಂದ್ಬಿಟ್ಟೆ."

"ಸಿಟ್ಟಾ? ಇಲ್ಲ ಮಾವ." ಬಾಲರಾಜು ನೆಲ ನೋಡಿದ. "ತಗೊಂಡಾಗ ಇದು ಚಿನ್ನಕ್ಕಿಂತ ದುಬಾರಿ. ನಮ್ ನಯನಂಗೆ ಎಲ್ರೂ ಆಕೋ ಚಿನ್ನ ಬ್ಯಾಡ, ಅದಕ್ಕಿಂತ ಎಚ್ಚಿಂದು ಆಕಾನ ಅಂತ ಎರಡು ಅಸ ಮಾರ್ದೆ. ಈಗ ನೋಡುದ್ರೆ ರೇಟು ಬಿದ್ದೋಗೈತೆ. ಬೇರೆ ತರಕ್ಕೆ ಕೈಲಾಗ್ಲಿಲ್ಲ. ಯಾರಿಗೂ ಗೊತ್ತಾಗ್ದಿರ್ಲಿ ಅಂತ ಅಂಜ್ಕೊಂಡೇ ಬಂದಿದ್ದೆ. ನೀವು ಮೈಕಲ್ಲಿ ಅಂದಾಗ, ಗೊತ್ತಾಗೋಯ್ತು ಅಂದ್ಕೊಂಡೆ. ನಾಚ್ಕೆ ಆಯ್ತು, ಎದ್ದು ಬಂದೆ."

ಇಷ್ಟು ದಿನ ಊರನ್ನೆಲ್ಲ ನಗಿಸಿದ ಚಿಕ್ಕಬೈರಪ್ಪ ಕುರ್ಚಿಯಿಂದೆದ್ದ. "ಬೀಗರೂಟಕ್ಕಾದ್ರೂ ಬಾರೋ" ಎಂದಷ್ಟೇ ಅಂದ.

ಬಾಲರಾಜು ಬಂದ. ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಕೂತ. ಎಲೆಗಳಿಗೆ ಮುದ್ದೆ ಬಿದ್ದು ಮಟನ್ ಸಾರು ಬರುವ ಹೊತ್ತಿಗೆ ಚಿಕ್ಕಬೈರಪ್ಪ ಮೈಕ್ ಹಿಡಿದ.

"ನಯನಾಗೆ ಸೋದರಮಾವ ಬಾಲರಾಜು ಆಕಿರೋದು ಪ್ಲಾಟಿನಂ ಉಂಗುರ. ಚಿನ್ನಕ್ಕಿಂತ ಎಚ್ಚಿಂದು ಅಂತ, ಸಾಕಿದ ಅಸ ಮಾರಿ ತಂದಿದ್ದು. ಬೆಳ್ಳಿ ಅಂದಿದ್ದು ನಂದೇ ತಪ್ಪು. ಎಲ್ರೂ ಕ್ಸಮಿಸ್ಬೇಕು."

ಯಾರೂ ತಲೆಯೆತ್ತಲಿಲ್ಲ. ಒಬ್ಬ ಸಾರು ಕೇಳಿದ, ಇನ್ನೊಬ್ಬ ಮೂಳೆ ಬೇಡವೆಂದ. ಅವನು ಮತ್ತೊಮ್ಮೆ, ಇನ್ನೂ ಜೋರಾಗಿ ಹೇಳಿದ. ಮುಂದಿನ ಸಾಲಿನಲ್ಲಿದ್ದ ಮುನಿಯಲ್ಲಮ್ಮ, ವರಸೆಯಲ್ಲಿ ಅವನ ಅತ್ತಿಗೆ, ಕಿವಿಗೆ ಕೈ ಆನಿಸಿ ಪಕ್ಕದವಳನ್ನು ಕೇಳಿದಳು.

"ಯಾರ್ದಂತಮ್ಮೀ?"

"ಅದೇ ಕಣಕ್ಕಾ, ಬೆಳ್ಳಿ ಬಾಲರಾಜುದು."

ಇಬ್ಬರೂ ನಕ್ಕು ಎಲೆಗೆ ಬಾಗಿದರು. ಕೊನೆಯ ಸಾಲಿನಲ್ಲಿ ಬಾಲರಾಜು ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ.